ಹನ್ನೆರಡಡಿ ಕೋಣೆಗೆ ಎಂಥ ಸಬ್‌ವೂಫರ್?

ಸಬ್‌ವೂಫರ್, ಅಂದರೆ ಬೇಸ್ (ತೀರಾ ಕೆಳಗಿನ ದಪ್ಪ ದನಿ) ನುಡಿಸಲೆಂದೇ ಇರುವ ಸ್ಪೀಕರ್ ಡಬ್ಬಿ, ಕೊಳ್ಳಲು ಹೊರಟವರು ಮೊದಲು ಕೇಳುವುದು ಎಷ್ಟು ವ್ಯಾಟ್ ಅಂತ. ಆಮೇಲೆ ಎಷ್ಟು ಇಂಚು ಅಂತ. ಕೋಣೆ ಎಷ್ಟು ಅಡಿ ಅಂತ ಅಂಗಡಿಯವರೂ ಕೇಳುವುದಿಲ್ಲ, ಕೊಳ್ಳುವವರೂ ಹೇಳುವುದಿಲ್ಲ. ನನ್ನ ಪ್ರಕಾರ ಮೊದಲ ಪ್ರಶ್ನೆ ಅದೇ ಆಗಬೇಕು.

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಈಗ ಕಟ್ಟುವ ಮನೆಗಳನ್ನು ನೋಡಿ. 10 ಅಡಿಗೆ 12 ಅಡಿ ಕೋಣೆ, ಹೆಚ್ಚೆಂದರೆ 12ಕ್ಕೆ 14. ನಾಲ್ಕೂ ಕಡೆ ಗಟ್ಟಿ ಗೋಡೆ, ಮೇಲೆ ಆರ್‌ಸಿಸಿ, ಕೆಳಗೆ ಗ್ರಾನೈಟ್ ಇಲ್ಲವೇ ಟೈಲ್ಸ್. ಬೇಸಿಗೆಯಲ್ಲಂತೂ ಬಾಗಿಲು, ಕಿಟಕಿ ಎಲ್ಲಾ ಮುಚ್ಚಿಕೊಂಡೇ ಕೂರಬೇಕು. ಇಂಥ ಕೋಣೆಯಲ್ಲಿ ಹಾಡೂ ಕೇಳಬೇಕು, ಸಿನಿಮಾನೂ ನೋಡಬೇಕು ಅನ್ನುವವರಿಗೆ ಎಲ್ಲೂ ತೂತಿಲ್ಲದ, ಅಂದರೆ ಸೀಲ್ಡ್ ಡಬ್ಬಿಯ ಸಣ್ಣ ಸಬ್‌ವೂಫರ್ ಚೆನ್ನಾಗಿ ಹೊಂದುತ್ತದೆ. ಯಾಕೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ಯಾರಿಗೆ ಹೊಂದುವುದಿಲ್ಲ ಅನ್ನುವುದನ್ನೂ ಹೇಳುತ್ತೇನೆ.

ಮೊದಲು ಈ ಡಬ್ಬಿಯ ಕೆಲಸ ಏನು ಅಂತ ನೋಡೋಣ. ಮನುಷ್ಯರ ಕಿವಿಗೆ ಕೇಳುವುದು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ (ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವ ಲೆಕ್ಕ). ಅದರಲ್ಲಿ ತೀರಾ ಕೆಳತುದಿ, ಸುಮಾರು 20ರಿಂದ 80 ಅಥವಾ 100 ಹರ್ಟ್ಸ್‌ವರೆಗಿನ ಭಾಗ ಸಬ್‌ವೂಫರ್‌ನದು. ಬೇಸ್ ಗಿಟಾರ್‌ನ ದಪ್ಪ ತಂತಿ ಮೀಟಿದರೆ 41 ಹರ್ಟ್ಸ್. ಪಿಯಾನೊದ ಎಡತುದಿಯ ಕೀ 27.5. ಸಿನಿಮಾದ ಗುಡುಗು, ಸ್ಫೋಟ ಇನ್ನೂ ಕೆಳಕ್ಕೆ ಹೋಗುತ್ತವೆ. 5.1 ಅಂತ ಬರೆದಿರುತ್ತಾರಲ್ಲ, ಅದರ ಕೊನೆಯ ಆ ‘.1’ ಇಂಥ ಸದ್ದಿಗೇ ಮೀಸಲಿಟ್ಟ ಬೇರೆ ಟ್ರ್ಯಾಕ್. ಉಳಿದ ಟ್ರ್ಯಾಕ್‌ಗಳಿಗಿಂತ 10 ಡೆಸಿಬಲ್ ಹೆಚ್ಚು ಜೋರಾಗಿ ಬರುವಂತೆ ಅದನ್ನು ಇಟ್ಟಿರುತ್ತಾರೆ.

ಇಲ್ಲೊಂದು ಕಷ್ಟ ಇದೆ. ಇಷ್ಟು ಕೆಳಗಿನ ದನಿಗೆ ನಮ್ಮ ಕಿವಿ ಮಂದ. 1,000 ಹರ್ಟ್ಸ್‌ನ ದನಿ 2–3 ಡೆಸಿಬಲ್ ಇದ್ದರೂ ಸದ್ದಿಲ್ಲದ ಕೋಣೆಯಲ್ಲಿ ಕೇಳುತ್ತದೆ. 20 ಹರ್ಟ್ಸ್ ಸುಮ್ನೆ ಕೇಳಿಸಬೇಕು ಅಂದರೂ ಹತ್ತಿರ ಹತ್ತಿರ 78 ಡೆಸಿಬಲ್ ಬೇಕು. ಜೊತೆಗೆ, ಅದೇ ಜೋರಿನಲ್ಲಿ ಒಂದು ಆಕ್ಟೇವ್ ಕೆಳಗಿಳಿಯಬೇಕಾದರೆ, ಅಂದರೆ ಹರ್ಟ್ಸ್ ಅರ್ಧ ಆಗಬೇಕಾದರೆ, ಉದಾಹರಣೆಗೆ 40ರಿಂದ 20ಕ್ಕೆ, ಸ್ಪೀಕರ್‌ನ ಕೋನ್, ಅಂದರೆ ಹಿಂದೆ ಮುಂದೆ ಅಲುಗುವ ಬಟ್ಟಲಿನಂಥ ಭಾಗ, ನಾಲ್ಕು ಪಟ್ಟು ಗಾಳಿ ತಳ್ಳಬೇಕು. ಬೇಸ್ ಅನ್ನುವುದು ಗಾಳಿ ತಳ್ಳುವ ಲೆಕ್ಕ. ಸಣ್ಣ ಡಬ್ಬಿಗೆ ಕಷ್ಟ ಆಗುವುದು ಅಲ್ಲೇ.

ಸ್ಪೀಕರ್‌ನ ಕೋನ್ ಮುಂದಕ್ಕೆ ಗಾಳಿ ತಳ್ಳಿದಾಗ ಹಿಂದೆ ಗಾಳಿ ಎಳೆದುಕೊಳ್ಳುತ್ತದೆ. ಮುಂದಿನದೂ ಹಿಂದಿನದೂ ಬೆರೆತರೆ ಬೇಸ್ ಒಂದನ್ನೊಂದು ತಿಂದುಹಾಕುತ್ತದೆ. ಅದಕ್ಕೇ ಡಬ್ಬಿ. ಡಬ್ಬಿಯನ್ನು ಪೂರ್ತಿ ಮುಚ್ಚಿದರೆ ಒಳಗಿನ ಗಾಳಿಗೆ ಹೋಗಲು ದಾರಿ ಇಲ್ಲ. ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿಕೆ ತಳ್ಳಿ ನೋಡಿ, ವಾಪಸ್ ಒದೆಯುತ್ತದೆ ಅಲ್ವಾ? ಸೀಲ್ಡ್ ಡಬ್ಬಿಯ ಗಾಳಿ ಕೋನ್‌ಗೆ ಹಾಗೇ ಸ್ಪ್ರಿಂಗ್ ಆಗುತ್ತದೆ. ಎಷ್ಟೇ ಜೋರಾಗಿ ಮುಂದೆ ಹೋದರೂ ಹಿಂದಕ್ಕೆ ಎಳೆದು ನಿಲ್ಲಿಸುತ್ತದೆ.

ಈ ಗಾಳಿಯ ಸ್ಪ್ರಿಂಗನ್ನೇ ಬಂಡವಾಳ ಮಾಡಿಕೊಂಡವರು ಅಮೆರಿಕದ ಎಡ್ಗರ್ ವಿಲ್ಚರ್. ಅಲ್ಲಿಯವರೆಗೆ ಒಳ್ಳೆ ಬೇಸ್ ಬೇಕಾದರೆ ಬೀರುವಿನಷ್ಟು ದೊಡ್ಡ ಡಬ್ಬಿ ಬೇಕಿತ್ತು. ವಿಲ್ಚರ್ ಕೋನ್‌ನ ಅಂಚನ್ನು ಬೇಕಂತಲೇ ಸಡಿಲ ಮಾಡಿ, ಅದನ್ನು ಹಿಡಿದಿಡುವ ಕೆಲಸವನ್ನು ಡಬ್ಬಿಯೊಳಗಿನ ಗಾಳಿಗೆ ಒಪ್ಪಿಸಿದರು. 1954ರಲ್ಲಿ ತಮ್ಮ ಶಿಷ್ಯ ಹೆನ್ರಿ ಕ್ಲಾಸ್ ಜೊತೆ ಸೇರಿ ಅಕೌಸ್ಟಿಕ್ ರಿಸರ್ಚ್ ಕಂಪನಿ ಕಟ್ಟಿ ಎಆರ್-1 ಅನ್ನುವ ಸ್ಪೀಕರ್ ತಂದರು. 12 ಇಂಚಿನ ವೂಫರ್ ಕಪಾಟಿನಲ್ಲಿ ಕೂರುವಂಥ ಡಬ್ಬಿಗೆ ಬಂತು. ಇವತ್ತಿನ ಸೀಲ್ಡ್ ಸಬ್‌ವೂಫರ್‌ಗಳೆಲ್ಲ ಅದೇ ದಾರಿಯಲ್ಲಿ ಬಂದವು.

ಇನ್ನೊಂದು ಜಾತಿ ಪೋರ್ಟೆಡ್. ಡಬ್ಬಿಗೆ ಕೊಳವೆಯಂಥ ತೂತು ಇರುತ್ತದೆ. ಒಂದು ನಿರ್ದಿಷ್ಟ ಹರ್ಟ್ಸ್‌ನಲ್ಲಿ ಆ ಕೊಳವೆಯ ಗಾಳಿಯೇ ಮೊಳಗುತ್ತದೆ, ಕೋನ್‌ಗೆ ಶ್ರಮ ಕಡಿಮೆ. ಹಾಗಾಗಿ ಅಷ್ಟೇ ವ್ಯಾಟ್‌ಗೆ ಇನ್ನೂ ಜೋರಾಗಿ ಸದ್ದು ಬರುತ್ತದೆ. ಆದರೆ ಆ ಹರ್ಟ್ಸ್‌ನ ಕೆಳಗೆ ಕೋನ್‌ಗೆ ಹಿಡಿತವೇ ಇರುವುದಿಲ್ಲ, ಸದ್ದೂ ಥಟ್ಟನೆ ಬಿದ್ದುಹೋಗುತ್ತದೆ. ಪ್ರತಿ ಆಕ್ಟೇವ್‌ಗೆ 24 ಡೆಸಿಬಲ್. ಸೀಲ್ಡ್ ಡಬ್ಬಿಯಲ್ಲಿ ಅದರ ಅರ್ಧ, 12 ಡೆಸಿಬಲ್. ಮೊದಲೇ ಇಳಿಯಲು ಶುರುವಾಗುತ್ತದೆ, ಆದರೆ ನಿಧಾನವಾಗಿ ಇಳಿಯುತ್ತದೆ.

ನಮ್ಮ ಕೋಣೆಗಳಿಗೆ ಲಾಭ ಆಗುವುದು ಈ ನಿಧಾನದಿಂದ. ಒಂದು ಸುಲಭ ಲೆಕ್ಕ ಇದೆ. 560ನ್ನು ಕೋಣೆಯ ಉದ್ದದಿಂದ, ಅಡಿಗಳಲ್ಲಿ, ಭಾಗಿಸಿ. 14 ಅಡಿಗೆ 40 ಬರುತ್ತದೆ, 12 ಅಡಿಗೆ ಸುಮಾರು 47. ಆ ಹರ್ಟ್ಸ್‌ಗಿಂತ ಕೆಳಗಿನ ದನಿಯ ಅಲೆ ಕೋಣೆಯೊಳಗೆ ಸರಿಯಾಗಿ ಹಿಡಿಸುವುದೇ ಇಲ್ಲ. 20 ಹರ್ಟ್ಸ್‌ನ ಅಲೆ 17 ಮೀಟರ್ ಉದ್ದ. ಆಗ ಇಡೀ ಕೋಣೆಯ ಗಾಳಿಯೇ ಒಟ್ಟಿಗೆ ಒತ್ತಿ ಬಿಟ್ಟು ಮಾಡಿದಂತಾಗಿ ಬೇಸ್‌ಗೆ ಪುಕ್ಕಟೆ ಬಲ ಸಿಗುತ್ತದೆ. ಇದಕ್ಕೆ ರೂಮ್ ಗೇನ್ ಅನ್ನುತ್ತಾರೆ. ಗಾಳಿ ಆಡದಂಥ, ಅಲುಗದ ಗೋಡೆಯ ಕೋಣೆಯಲ್ಲಿ ಈ ಬಲ ಲೆಕ್ಕದ ಪ್ರಕಾರ ಪ್ರತಿ ಆಕ್ಟೇವ್‌ಗೆ 12 ಡೆಸಿಬಲ್‌ವರೆಗೆ ಹೋಗಬಹುದು. ಸೀಲ್ಡ್ ಡಬ್ಬಿ ಕಳೆದುಕೊಳ್ಳುವುದೂ ಅಷ್ಟೇ. ನಿಜವಾದ ಮನೆಯಲ್ಲಿ ಬಾಗಿಲ ಸಂದು, ಕಿಟಕಿ ಇರುವುದರಿಂದ ಅಷ್ಟು ಸಿಗುವುದಿಲ್ಲ. ಆದರೂ ಸಣ್ಣ ಆರ್‌ಸಿಸಿ ಕೋಣೆಯಲ್ಲಿ ಸಿಗುವ ಬಲ ಕಿವಿಗೆ ಗೊತ್ತಾಗುವಷ್ಟಿರುತ್ತದೆ. ಇಲ್ಲಿ ಪೋರ್ಟೆಡ್ ಇಟ್ಟರೆ ಕೊಳವೆಯ ಬಲಕ್ಕೆ ಕೋಣೆಯ ಬಲವೂ ಸೇರಿಕೊಂಡು ಬೇಸ್ ಊದಿಕೊಳ್ಳುತ್ತದೆ. ಹಾಡು ಕೇಳುವವರಿಗೆ ಅದು ತಲೆನೋವು.

ಹಾಗಾದರೆ ಯಾರಿಗೆ ಬೇಡ? ಹಾಲ್, ಊಟದ ಜಾಗ, ಅಡುಗೆಮನೆ ಎಲ್ಲಾ ಒಂದೇ ಆಗಿ ತೆರೆದುಕೊಂಡಿರುವ ಮನೆಗೆ ಸಣ್ಣ ಸೀಲ್ಡ್ ಸಾಲದು. ನೀವು ಕೂರುವುದು 12 ಅಡಿಯಲ್ಲಾದರೂ ಸಬ್‌ವೂಫರ್ ತುಂಬಬೇಕಾದ ಜಾಗ ಇಡೀ ಕೆಳಮನೆ. ಮೆಟ್ಟಿಲ ಸಂದಿಯಿಂದ ಮೇಲಂತಸ್ತಿಗೂ ಹೋಗುತ್ತದೆ. ತಗಡಿನ ಚಾವಣಿಯ ಮನೆಗೂ ಅಷ್ಟೇ: ಬೇಸ್ ಮೇಲಿಂದ ಹೊರಗೆ ಹೋಗುತ್ತದೆ, ಉಳಿದದ್ದು ತಗಡನ್ನು ನಡುಗಿಸುತ್ತದೆ. ಇಂಥ ಕಡೆ ಸಿನಿಮಾನೇ ಮುಖ್ಯ ಅಂದರೆ ದೊಡ್ಡ ಪೋರ್ಟೆಡ್ ತೆಗೆದುಕೊಳ್ಳಿ. ಹಳೆಯ ಮಾಳಿಗೆ ಮನೆಯವರು ಮಾತ್ರ ಅದೃಷ್ಟವಂತರು. ದಪ್ಪ ಗೋಡೆ, ಸಣ್ಣ ಕಿಟಕಿ, ಮೇಲೆ ಮಣ್ಣಿನ ಮಾಳಿಗೆ. ಬೇಸ್‌ಗೆ ಅದಕ್ಕಿಂತ ಒಳ್ಳೆ ಕೋಣೆ ಸಿಗುವುದು ಕಷ್ಟ.

ಈಗ ಸಣ್ಣದು ಅನ್ನುವ ಮಾತಿಗೆ ಬರೋಣ. ಜೋಸೆಫ್ ಆಂಟನ್ ಹಾಫ್‌ಮನ್ ಅನ್ನುವವರು ಹೇಳಿದ ಒಂದು ನಿಯಮವನ್ನು ಸ್ಪೀಕರ್ ಮಾಡುವವರು ಇವತ್ತಿಗೂ ಮೀರಲಾಗಿಲ್ಲ. ಚಿಕ್ಕ ಡಬ್ಬಿ, ಆಳದ ಬೇಸ್, ಕಡಿಮೆ ವ್ಯಾಟ್‌ಗೆ ಜೋರು ಸದ್ದು, ಈ ಮೂರರಲ್ಲಿ ಎರಡು ಮಾತ್ರ ಸಿಗುತ್ತವೆ. ಅದೇ ಅಳತೆಯ ಡಬ್ಬಿಯಲ್ಲಿ 40ರ ಬದಲು 20 ಹರ್ಟ್ಸ್‌ವರೆಗೆ ಇಳಿಸಬೇಕು ಅಂದರೆ ಕರೆಂಟನ್ನು ಸದ್ದಾಗಿಸುವ ಶಕ್ತಿ ಎಂಟರಲ್ಲಿ ಒಂದು ಪಾಲಿಗೆ ಬೀಳುತ್ತದೆ. ಈಗಿನ ಪುಟ್ಟ ಸಬ್‌ವೂಫರ್‌ಗಳಲ್ಲಿ 500, 1000 ವ್ಯಾಟ್ ಆಂಪ್ಲಿಫೈಯರ್ ಇರುವುದು ಇದಕ್ಕೇ. ಅದು ಮೆರೆಸುವ ಸಂಖ್ಯೆಯಲ್ಲ, ಡಬ್ಬಿ ಚಿಕ್ಕದು ಮಾಡಿದ್ದಕ್ಕೆ ಕಟ್ಟಿದ ಬೆಲೆ. ಒಳಗಿರುವ, ಸದ್ದನ್ನು ಲೆಕ್ಕ ಹಾಕಿ ತಿದ್ದುವ ಡಿಎಸ್‌ಪಿ ಚಿಪ್ ಕೆಳಗಿನ ದನಿಯನ್ನು ಎತ್ತಿ ಕೊಡುತ್ತದೆ, ಕೋನ್ ಮಿತಿ ಮುಟ್ಟುತ್ತಿದೆ ಅಂದಾಗ ತಾನೇ ತಗ್ಗಿಸುತ್ತದೆ. ಹಾಗಾಗಿ ಸಣ್ಣ ವಾಲ್ಯೂಮ್‌ನಲ್ಲಿ 25 ಹರ್ಟ್ಸ್ ಚೆನ್ನಾಗಿ ಬಂದು, ಜೋರು ಮಾಡಿದಾಗ ಅದೇ 25 ಹರ್ಟ್ಸ್ ಮಾಯ ಆಗುವುದುಂಟು. ಡಬ್ಬಿಯ ಮೇಲೆ ಬರೆದ ಹರ್ಟ್ಸ್ ಎಷ್ಟು ಜೋರಿನಲ್ಲಿ ಅಳೆದದ್ದು ಅಂತ ಕೇಳಬೇಕಾದ್ದು ಅದಕ್ಕೇ.

ಇಂಚು ನೋಡುವಾಗ ಅಡ್ಡಳತೆ ನೋಡಬೇಡಿ, ಅದರ ವರ್ಗ ನೋಡಿ. 8 ಇಂಚಿನದು 64, 10 ಇಂಚಿನದು 100, 12 ಇಂಚಿನದು 144. ಅಂದರೆ 12 ಇಂಚಿನ ಕೋನ್ 8 ಇಂಚಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ವಿಸ್ತೀರ್ಣದ್ದು. ಮಾರುಕಟ್ಟೆಗೆ ಬಂದ ಕೆಲವನ್ನು ಈ ಕಣ್ಣಿನಿಂದ ನೋಡೋಣ. ಎಸ್‌ವಿಎಸ್ ಎಸ್‌ಬಿ-1000 ಪ್ರೊದಲ್ಲಿ 12 ಇಂಚಿನ ಒಂದು ಕೋನ್, 325 ವ್ಯಾಟ್. ಅದೇ ಕಂಪನಿಯ 3000 ಮೈಕ್ರೊದಲ್ಲಿ 8 ಇಂಚಿನವು ಎರಡು, 800 ವ್ಯಾಟ್. ಕೆಇಎಫ್ ಕೆಸಿ62ರಲ್ಲಿ ಆರೂವರೆ ಇಂಚಿನವು ಎರಡು, 1000 ವ್ಯಾಟ್, ಡಬ್ಬಿ ಎಲ್ಲಾ ಕಡೆ 25 ಸೆಂಟಿಮೀಟರ್ ಆಸುಪಾಸು, ತೂಕ 14 ಕಿಲೊ. ಆರ್‌ಇಎಲ್ ಟಿ/5ಎಕ್ಸ್‌ನಲ್ಲಿ 8 ಇಂಚಿನದು ಒಂದು, 125 ವ್ಯಾಟ್. ಬರೀ 325 ವ್ಯಾಟಿನ ಎಸ್‌ಬಿ-1000 ಪ್ರೊದ ಕೋನ್ ವಿಸ್ತೀರ್ಣ ಈ ನಾಲ್ಕರಲ್ಲಿ ಜಾಸ್ತಿ ಇದೆ, ಡಬ್ಬಿಯೂ ದೊಡ್ಡದು. ಜಾಗ ಇದೆ ಅನ್ನುವವರಿಗೆ ಕೊಟ್ಟ ಹಣಕ್ಕೆ ಹೆಚ್ಚು ಬೇಸ್ ಸಿಗುವುದು ಇಂಥದರಲ್ಲೇ. ಎರಡು ಕೋನ್ ಬೆನ್ನಿಗೆ ಬೆನ್ನು ಹಚ್ಚಿ ಕೂರಿಸಿದವುಗಳಲ್ಲಿ ಒಂದರ ಒದೆತವನ್ನು ಇನ್ನೊಂದು ಅಳಿಸುತ್ತದೆ, ಡಬ್ಬಿ ಅಲುಗುವುದಿಲ್ಲ. ಟಿವಿ ಸ್ಟ್ಯಾಂಡಿನ ಖಾನೆಯಲ್ಲೇ ಇಡಬೇಕಾದವರು ಅಂಥದಕ್ಕೆ ಹೆಚ್ಚು ಕೊಟ್ಟರೂ ಅಡ್ಡಿಯಿಲ್ಲ. ಬರೀ ಹಾಡು ಕೇಳುವವರಿಗೆ, ಸ್ಟೀರಿಯೊ ಆಂಪ್ಲಿಫೈಯರ್‌ನಲ್ಲಿ ಸಬ್ ಔಟ್ (ಸಬ್‌ವೂಫರ್‌ನ ವೈರು ಸಿಕ್ಕಿಸುವ ತೂತು) ಇಲ್ಲದವರಿಗೆ, ಟಿ/5ಎಕ್ಸ್‌ನಂತೆ ಸ್ಪೀಕರ್ ವೈರಿನಿಂದಲೇ ಸಿಗ್ನಲ್ ತೆಗೆದುಕೊಳ್ಳುವಂಥದ್ದು ಅನುಕೂಲ.

ವ್ಯಾಟ್ ಬಗ್ಗೆ ಒಂದೇ ಮಾತು. ಆರ್‌ಎಂಎಸ್, ಅಂದರೆ ಆಂಪ್ಲಿಫೈಯರ್ ಎಡೆಬಿಡದೆ ಕೊಡಬಲ್ಲ ವ್ಯಾಟ್, ಅದನ್ನು ಬಿಟ್ಟು ಬೇರೆ ಸಂಖ್ಯೆ ನೋಡಬೇಡಿ. ಪಿಎಂಪಿಒ ಅಂತ ಸಾವಿರಗಟ್ಟಲೆ ಬರೆದಿರುವುದಕ್ಕೆ ಒಪ್ಪಿತವಾದ ಯಾವ ಅಳತೆಯೂ ಇಲ್ಲ. ಇನ್ನು ಸೌಂಡ್‌ಬಾರ್ ಜೊತೆ ಬರುವ ವೈರ್‌ಲೆಸ್ ವೂಫರ್ ಬದಲಿಸುವ ಯೋಚನೆ ಇದ್ದರೆ ಮೊದಲು ಬಾರಿನ ಹಿಂದೆ ಸಬ್ ಔಟ್ ತೂತು ಇದೆಯಾ ನೋಡಿ. ಬಹಳಷ್ಟರಲ್ಲಿ ಇರುವುದಿಲ್ಲ, ಅವು ತಮ್ಮ ವೂಫರ್ ಜೊತೆ ಮಾತ್ರ ಮಾತಾಡುತ್ತವೆ.

ಎಂಥದೇ ತಂದರೂ ಎಲ್ಲಿ ಇಡುತ್ತೀರಿ ಅನ್ನುವುದರ ಮೇಲೆ ಅರ್ಧ ಫಲ ನಿಂತಿದೆ. ಗಂಗಾವತಿಯ ಗೆಳೆಯರೊಬ್ಬರ ಮನೆಯಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಗೊತ್ತಾಯಿತು. ಅವರದು 12ಕ್ಕೆ 12ರ ಚೌಕ ಕೋಣೆ, ಸಬ್‌ವೂಫರ್ ಮೂಲೆಯಲ್ಲಿ. ಅವರಿಗೆ ಸಿದ್ಧರಾಮ ಜಂಬಲದಿನ್ನಿಯವರ ಗಾಯನ ಅಂದರೆ ಪ್ರಾಣ. ರಾಯಚೂರಿನ ರಂಗಮಂದಿರಕ್ಕೆ ಹೆಸರು ಇಟ್ಟಿದ್ದಾರಲ್ಲ, ಅದೇ ಜಂಬಲದಿನ್ನಿಯವರು. ಹಾಡಿನ ಜೊತೆಗಿನ ತಬಲಾದಲ್ಲಿ ಎಡಗೈ ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸಿದಾಗ ‘ಘೇ’ ಅನ್ನುವ ನಾದ ಕೆಳಗಿಂದ ಮೇಲಕ್ಕೆ ಏರುತ್ತದೆ. ಅವರ ಕೋಣೆಯಲ್ಲಿ ಆ ಏರಿಕೆ ಕೇಳುತ್ತಲೇ ಇರಲಿಲ್ಲ. ಒಂದು ಕಡೆ ಬಂದಾಗ ಮಾತ್ರ ಧುಮ್ ಅಂತ ಉಬ್ಬುತ್ತಿತ್ತು. ಲೆಕ್ಕ ಹಾಕಿದರೆ ಕಾರಣ ಸಿಗುತ್ತದೆ. 12 ಅಡಿಗೆ 47 ಹರ್ಟ್ಸ್, ಅದರ ಇಮ್ಮಡಿ 94. ಆ ಹರ್ಟ್ಸ್‌ಗಳಲ್ಲಿ ಅಲೆ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡು ಮೊಳಗುತ್ತದೆ. ಚೌಕ ಕೋಣೆಯಲ್ಲಿ ಉದ್ದಕ್ಕೂ ಅಗಲಕ್ಕೂ ಅದೇ ಹರ್ಟ್ಸ್, ಹಾಗಾಗಿ ಕಾಟ ಎರಡರಷ್ಟು. ಡಗ್ಗಾ ಆ 94ನ್ನು ದಾಟುವಾಗ ಉಬ್ಬುತ್ತಿತ್ತು.

ಡಬ್ಬಿಯನ್ನು ಗೋಡೆಗುಂಟ ಮೂಲೆಯಿಂದ ಮೂರು ಅಡಿ ಸರಿಸಿದೆವು, ಅಷ್ಟೇ. ಮೂರು ಅಡಿ ಅಂದರೆ ಗೋಡೆಯ ಕಾಲುಭಾಗ. 94 ಹರ್ಟ್ಸ್‌ನ ಅಲೆಗೆ ಆ ಗೋಡೆಯ ಉದ್ದಕ್ಕೆ ಅಲ್ಲಿ ಒತ್ತಡವೇ ಇರುವುದಿಲ್ಲ. ಅಲ್ಲಿ ನಿಂತು ತಳ್ಳಿದರೆ ಅಲೆ ಏಳುವುದಿಲ್ಲ. ‘ಘೇ’ ಜಾರುವುದು ಕೇಳತೊಡಗಿತು. ಸಬ್‌ವೂಫರ್ ಇದೆ ಅನ್ನುವುದೇ ಮರೆತು ಹೋಗಿ ತಬಲಾ ಮಾತ್ರ ಉಳಿಯಿತು. ಹೊಸ ಡಬ್ಬಿಗೆ ಖರ್ಚು ಮಾಡುವ ಮುಂಚೆ ಇದ್ದದ್ದನ್ನೇ ಸರಿಸಿ ನೋಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಲೆಕ್ಕ ಬೇಡ ಅನ್ನುವವರಿಗೆ ಹಳೆಯ ಉಪಾಯ ಒಂದಿದೆ. ಸಬ್‌ವೂಫರನ್ನು ನೀವು ಕೂರುವ ಕುರ್ಚಿಯ ಮೇಲೆ ಇಟ್ಟು ಬೇಸ್ ಇರುವ ಹಾಡು ಹಾಕಿ. ನೀವು ಗೋಡೆಗುಂಟ ಮಂಡಿಯೂರಿ ಕಿವಿ ಕೆಳಗಿಟ್ಟು ಹುಡುಕಿ. ಎಲ್ಲಿ ಪ್ರತಿಯೊಂದು ಸ್ವರವೂ ಒಂದೇ ಸಮ ಕೇಳುತ್ತದೋ ಅಲ್ಲಿ ಡಬ್ಬಿ ಇಡಿ. ಜೋರಾಗಿ ಕೇಳುವ ಜಾಗವನ್ನಲ್ಲ, ಸಮವಾಗಿ ಕೇಳುವ ಜಾಗವನ್ನು ಹುಡುಕಬೇಕು. ಸೋಫಾವನ್ನು ಹಿಂದಿನ ಗೋಡೆಗೆ ಅಂಟಿಸದೆ ಒಂದೆರಡು ಅಡಿ ಮುಂದೆ ಎಳೆದರೂ ಊದಿಕೊಂಡ ಬೇಸ್ ಇಳಿಯುತ್ತದೆ.

ಜಾಗ ಸಿಕ್ಕ ಮೇಲೆ ಸೆಟ್ಟಿಂಗ್. ಟಿವಿ, ಸ್ಪೀಕರ್‌ಗಳನ್ನೆಲ್ಲ ಜೋಡಿಸುವ ಎವಿ ರಿಸೀವರ್ ಇದ್ದರೆ ಸ್ಪೀಕರ್‌ಗಳನ್ನು ‘ಸ್ಮಾಲ್’ ಅಂತ ಇಟ್ಟು ಕ್ರಾಸ್‌ಓವರ್, ಅಂದರೆ ಯಾವ ಹರ್ಟ್ಸ್‌ನ ಕೆಳಗಿನದು ಸಬ್‌ವೂಫರ್‌ಗೆ ಹೋಗಬೇಕು ಅನ್ನುವ ಗೆರೆ, 80 ಹರ್ಟ್ಸ್ ಕೊಡಿ. ಸ್ಪೀಕರ್ ತೀರಾ ಚಿಕ್ಕವಾದರೆ 100. ಅದಕ್ಕಿಂತ ಮೇಲೆ ಹೋದರೆ ಸದ್ದು ಯಾವ ಮೂಲೆಯಿಂದ ಬರುತ್ತಿದೆ ಅಂತ ಕಿವಿಗೆ ಗೊತ್ತಾಗಲು ಶುರುವಾಗುತ್ತದೆ. ಸಬ್‌ವೂಫರ್‌ನ ಹಿಂದಿರುವ ಕ್ರಾಸ್‌ಓವರ್ ಗುಂಡಿಯನ್ನು ಆಗ ಪೂರ್ತಿ ಮೇಲಕ್ಕೆ ತಿರುಗಿಸಿಡಿ, ಇಲ್ಲವಾದರೆ ಎರಡೆರಡು ಸಲ ಸೋಸಿದಂತಾಗುತ್ತದೆ. ಸಬ್‌ವೂಫರ್‌ನ ಅಲೆಯನ್ನು ಸ್ಪೀಕರ್‌ಗಳ ಅಲೆಗೆ ಹೊಂದಿಸುವ ಫೇಸ್ ಗುಂಡಿಯನ್ನು ಸರಿಮಾಡಲು 80 ಹರ್ಟ್ಸ್‌ನ ಟೋನ್ ಹಾಕಿ, ಸ್ಪೀಕರ್‌ಗಳೂ ನುಡಿಯುತ್ತಿರಲಿ. 0 ಮತ್ತು 180 ಎರಡೂ ನೋಡಿ, ಕೂರುವ ಜಾಗದಲ್ಲಿ ಯಾವುದು ಜೋರೋ ಅದು ಸರಿ. ವಾಲ್ಯೂಮ್ ವಿಷಯಕ್ಕೆ ಬಂದರೆ ನಮ್ಮಲ್ಲಿ ಬಹಳ ಮಂದಿ ಮೆರವಣಿಗೆಯ ಡಿಜೆ ಬೇಸ್‌ಗೆ ಕಿವಿ ಒಗ್ಗಿಸಿಕೊಂಡು ಸಬ್‌ವೂಫರ್ ಜಾಸ್ತಿ ಇಟ್ಟಿರುತ್ತಾರೆ. ಸಬ್‌ವೂಫರ್ ಆಫ್ ಮಾಡಿದಾಗ ಮಾತ್ರ ಏನೋ ಕಳೆದುಹೋಯಿತು ಅನ್ನಿಸಬೇಕು. ಅಷ್ಟು ಸಾಕು.

‘ಸೀಲ್ಡ್ ಅಂದರೆ ಫಾಸ್ಟ್ ಬೇಸ್’ ಅನ್ನುವ ಮಾತು ಅಂಗಡಿಗಳಲ್ಲಿ ಕೇಳುತ್ತಿರುತ್ತದೆ. ಅದರಲ್ಲಿ ಸ್ವಲ್ಪ ಸತ್ಯ ಇದೆ. ಹರ್ಟ್ಸ್ ಕೆಳಗಾದಂತೆ ಸದ್ದು ನಿಧಾನವಾಗಿ ಇಳಿಯುವುದರಿಂದ ಕೆಳಗಿನ ದನಿ ತಡವಾಗಿ ಬರುವುದು ಪೋರ್ಟೆಡ್‌ಗಿಂತ ಕಡಿಮೆ. ಆದರೆ ಬೇಸ್ ಎಳೆದಂತೆ ಕೇಳುವುದಕ್ಕೆ ಹೆಚ್ಚಿನ ಸಲ ಕೋಣೆಯೇ ಕಾರಣ, ಮೇಲಿನ ಗಂಗಾವತಿಯ ಕೋಣೆಯಂತೆ. ಸೀಲ್ಡ್ ತಂದು ಮೂಲೆಗೆ ತುರುಕಿದರೆ ಅದೂ ಎಳೆಯುತ್ತದೆ.

ಕರೆಂಟಿನ ವಿಷಯ ನಮ್ಮ ಕಡೆ ದೊಡ್ಡದು. ಸಬ್‌ವೂಫರ್ ಸುಮ್ಮನಿದ್ದಾಗಲೂ ‘ಊಂ’ ಅನ್ನುತ್ತಿದ್ದರೆ ಅದು 50 ಅಥವಾ 100 ಹರ್ಟ್ಸ್‌ನ ಕರೆಂಟಿನ ದನಿ. ಸಬ್‌ವೂಫರ್ ನುಡಿಸುವ ಸೀಮೆಯಲ್ಲೇ ಅದೂ ಬರುತ್ತದೆ, ಅದಕ್ಕೇ ಅಷ್ಟು ಸ್ಪಷ್ಟ. ಮೊದಲು ಕೇಬಲ್ ಟಿವಿಯ ವೈರನ್ನು ಸೆಟ್‌ಟಾಪ್ ಬಾಕ್ಸಿನಿಂದ ಬಿಚ್ಚಿ ನೋಡಿ. ಹಮ್ ನಿಂತರೆ ಕಳ್ಳ ಸಿಕ್ಕಂತೆ. ಆಮೇಲೆ ಎಲ್ಲವನ್ನೂ ಒಂದೇ ಪ್ಲಗ್ ಪಾಯಿಂಟಿನಿಂದ ಕೊಡಿ. ಅರ್ಥಿಂಗ್ ಪಿನ್ ಮುರಿದು ಹಮ್ ನಿಲ್ಲಿಸುವ ಸಲಹೆ ಯಾರಾದರೂ ಕೊಟ್ಟರೆ ದಯವಿಟ್ಟು ಕೇಳಬೇಡಿ, ಜೀವಕ್ಕೆ ಅಪಾಯ. ವೋಲ್ಟೇಜ್ ಏರಿಳಿಯುವ ಬಡಾವಣೆಯಾದರೆ ಒಂದು ಒಳ್ಳೆ ಸ್ಟೆಬಿಲೈಸರ್ ಇರಲಿ.

ಬಿಸಿಲೂ ಲೆಕ್ಕಕ್ಕೆ ಬರುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ 42–43 ಡಿಗ್ರಿ ಹೊಸದೇನಲ್ಲ. ಸೀಲ್ಡ್ ಡಬ್ಬಿಯಲ್ಲಿ ಗಾಳಿ ಆಡುವುದಿಲ್ಲ, ಕೋನ್‌ಗೆ ಅಂಟಿದ ತಾಮ್ರದ ಸುರುಳಿಯ ಕಾವು ಹೊರಹೋಗುವುದು ನಿಧಾನ. ತಾಮ್ರ 100 ಡಿಗ್ರಿ ಹೆಚ್ಚು ಕಾದರೆ ಅದರ ರೆಸಿಸ್ಟೆನ್ಸ್ ಸುಮಾರು ಶೇ. 39 ಏರುತ್ತದೆ, ಅದರಿಂದ ಸದ್ದೂ ತಗ್ಗುತ್ತದೆ. ಹಿಂಭಾಗದ ಆಂಪ್ಲಿಫೈಯರ್ ತಟ್ಟೆಗೂ ಗೋಡೆಗೂ ನಡುವೆ ಒಂದು ಗೇಣು ಜಾಗ ಬಿಡಿ. ಪಶ್ಚಿಮದ ಬಿಸಿಲು ನೇರ ಬೀಳುವ ಗೋಡೆಯ ಬದಿಗೆ ಇಡಬೇಡಿ. ಇನ್ನು ತೂತಿಲ್ಲದ ಡಬ್ಬಿಯ ಒಂದು ಲಾಭ ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ. ಸಂಡೂರು ಕಡೆಯ ಅದಿರಿನ ಕೆಂಪು ಧೂಳು ಒಳಗೆ ಹೋಗುವುದಿಲ್ಲ. ಹಲ್ಲಿ, ಜಿರಳೆ ಒಳಗೆ ಮನೆ ಮಾಡುವುದಿಲ್ಲ.

ಮೊದಲ ದಿನ ಸಿನಿಮಾ ಹಾಕಿದಾಗ ಬೇಸ್ ಜೊತೆ ಒಂದು ಕಟಕಟ ಸದ್ದು ಬಂದರೆ ಸಬ್‌ವೂಫರ್ ಕೆಟ್ಟಿದೆ ಅಂತ ಗಾಬರಿ ಬೇಡ. 30ರಿಂದ 100 ಹರ್ಟ್ಸ್‌ವರೆಗೆ ನಿಧಾನ ಏರುವ ಟೋನ್ ಹಾಕಿ ಕೋಣೆ ಸುತ್ತಿ. ಕಬ್ಬಿಣದ ಬೀರುವಿನ ಬಾಗಿಲು, ಅಟ್ಟದ ಮೇಲಿನ ಸ್ಟೀಲ್ ಡಬ್ಬಿ, ಸಡಿಲವಾದ ಕಿಟಕಿ ಗಾಜು, ಸ್ವಿಚ್ ಬೋರ್ಡಿನ ತಟ್ಟೆ, ಒಂದೊಂದೂ ತನ್ನ ಹರ್ಟ್ಸ್ ಬಂದಾಗ ನುಡಿಯುತ್ತದೆ. ಕೈ ಒತ್ತಿ ಹಿಡಿದರೆ ಗೊತ್ತಾಗುತ್ತದೆ. ಒಂದು ತುಂಡು ರಬ್ಬರ್ ಅಥವಾ ಫೆಲ್ಟ್ ಸಾಕು. ಪಕ್ಕದ ಮನೆಯವರ ಗೋಡೆಯೂ ನಿಮ್ಮ ಗೋಡೆಯೂ ಒಂದೇ ಆಗಿದ್ದರೆ ಮಾತ್ರ ರಬ್ಬರಿನಿಂದ ಉಪಯೋಗ ಇಲ್ಲ. ಬೇಸ್‌ನ ಉದ್ದದ ಅಲೆಗಳನ್ನು ಆ ಒಂದು ಗೋಡೆ ತಡೆಯುವುದು ಸ್ವಲ್ಪವೇ. ಡಬ್ಬಿಯನ್ನು ಎದುರು ಗೋಡೆಗೆ ಸಾಗಿಸಿ, ರಾತ್ರಿ ಹತ್ತರ ಮೇಲೆ ಜೋರು ಸದ್ದನ್ನು ತಗ್ಗಿಸುವ ರಿಸೀವರ್‌ನ ನೈಟ್ ಮೋಡ್ ಹಾಕಿ.

ಹಣ ಇದ್ದವರು ಒಂದೇ ಸಲ ದುಬಾರಿಯದು ತರುವ ಬದಲು ಮಧ್ಯಮ ಬೆಲೆಯದು ಒಂದು ತಂದು ಕೇಳಿ, ವರ್ಷದ ಮೇಲೆ ಅದೇ ಮಾಡೆಲ್ಲಿನ ಇನ್ನೊಂದು ಸೇರಿಸಿ. ಹಾರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲಿ ಮಂಡಿಸಿದ ಅಧ್ಯಯನದ ಪ್ರಕಾರ ಎದುರುಬದುರು ಗೋಡೆಗಳ ನಟ್ಟನಡುವೆ ಒಂದೊಂದು ಇಟ್ಟರೆ ಕೋಣೆಯ ಉಬ್ಬುತಗ್ಗು ಬಹಳ ಮಟ್ಟಿಗೆ ಸಮ ಆಗುತ್ತದೆ. ಸೋಫಾದ ಮೂರು ಜಾಗದಲ್ಲಿ ಕೂತವರಿಗೂ ಹೆಚ್ಚುಕಡಿಮೆ ಒಂದೇ ಬೇಸ್ ಕೇಳುತ್ತದೆ. ಕೊಳ್ಳುವಾಗ ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಕೇಳಿ ಬರುವುದು ಒಳ್ಳೆಯದೇ. ಆದರೆ ಅಲ್ಲಿನ ದೊಡ್ಡ ಡೆಮೊ ಕೋಣೆಯಲ್ಲಿ ಸೊರಗಿದಂತೆ ಕೇಳಿದ ಸಣ್ಣ ಸೀಲ್ಡ್ ನಿಮ್ಮ 12 ಅಡಿಯಲ್ಲಿ ತುಂಬಿಕೊಂಡು ಬರಬಹುದು. ಹಾಗಾಗಿ ವಾಪಸ್ ಮಾಡುವ ಅವಕಾಶ ಎಷ್ಟು ದಿನ, ಸಾಗಿಸುವ ಖರ್ಚು ಯಾರದು ಅನ್ನುವುದನ್ನು ಬಿಲ್ಲಿನ ಮೇಲೆ ಬರೆಸಿಕೊಂಡೇ ದುಡ್ಡು ಕೊಡಿ.